ನಡಾವಳಿ

ಇಪ್ಪತ್ತಾರು ವರ್ಷ ಗ್ಲಾರುಸ್ ಕಣಿವೆಯ ಊರೊಂದರ ಪಂಚಾಯ್ತಿಗೆ
ನಡಾವಳಿ ಬರೆದವಳು ನಾನು, ರೇಗುಲಾ ಎಲ್ಮರ್.
ನಿವೃತ್ತಿಯ ಮರುವಾರವೇ ಪಂಪು ಕಾರ್ಖಾನೆಯವರು ಕರೆದರು.
ಅಕ್ಷರ ಸ್ಪಷ್ಟ, ಬಾಯಿ ಭದ್ರ,
ಆಡಳಿತ ಮಂಡಳಿಗೆ ಇಂಥವರೇ ಬೇಕಂತೆ.
ಎರಡಕ್ಕೂ ತಲೆಯಾಡಿಸಿದೆ.
ಒಂದು ಮಾತ್ರ ನಿಜ.

ಪಂಚಾಯ್ತಿಯ ಕೋಣೆ ನೆಲಮಾಳಿಗೆಯಲ್ಲಿತ್ತು,
ಪಕ್ಕದಲ್ಲೇ ಬೆಂಕಿ ಆರಿಸುವವರ ಒದ್ದೆ ಕೊಳವೆಗಳ ವಾಸನೆ.
ಮೇಯರನ ಸಂಬಳ ಹೊರಗೆ ನೋಟೀಸು ಹಲಗೆಯ ಮೇಲೆ,
ಕಳೆದುಹೋದ ಬೆಕ್ಕಿನ ಚಿತ್ರದ ಪಕ್ಕ;
ಮಸಿ ಕದಡಿದರೂ ಓದಲು ಬರುತ್ತಿತ್ತು.
ದನದ ಹೆಫ್ಟಿಯ ಹುಲ್ಲುಗಾವಲು ಸೀಳಿ ರಸ್ತೆ ಹೋಗಬೇಕೆ
ಎಂಬ ಮಾತು ಬಂದ ದಿನ ಹೆಫ್ಟಿ ತಾನಾಗಿ ಎದ್ದ,
ಕುರ್ಚಿ ಕಿರ್ರೆಂದಿತು,
ಗಾಜಿನಾಚೆ ಅವನ ಬೆನ್ನು, ಚುಟ್ಟದ ಹೊಗೆ.
ನಾನು ಬರೆದೆ:
"ಸದಸ್ಯ ಹೆಫ್ಟಿ ಹೊರಗೆ ಹೋದರು, 8.10.
ಒಳಗೆ ಬಂದರು, 8.35."
ಆ ಇಪ್ಪತ್ತೈದು ನಿಮಿಷವೇ ಊರು.

ಕಾರ್ಖಾನೆಯ ಕೋಣೆ ನಾಲ್ಕನೇ ಮಹಡಿ.
ನೆಲಕ್ಕೆ ಜಮಖಾನ, ಕುರ್ಚಿಗಳಿಗೆ ಸದ್ದೇ ಇಲ್ಲ.
ಏಳನೇ ವಿಷಯ: ಅಧ್ಯಕ್ಷರ ಸಂಬಳ.
ಡಾಕ್ಟರ್ ಬ್ಲೂಮರ್ ಲೋಟಕ್ಕೆ ನೀರು ಸುರಿದುಕೊಂಡರು.
ಕಾರ್ಖಾನೆ ನಡೆಸುವವರೂ ಅವರೇ, ಅಧ್ಯಕ್ಷರೂ ಅವರೇ,
ತಕ್ಕಡಿ ಹಿಡಿದವರೂ, ತಕ್ಕಡಿಯಲ್ಲಿ ಕೂತವರೂ.
ಬೇಲಿ ಎದ್ದು ಹೊಲ ಮೇಯುವುದಿಲ್ಲ ಇಲ್ಲಿ;
ತನಗೆಷ್ಟು ಹುಲ್ಲು ಬೇಕೆಂದು
ಕೂತಲ್ಲೇ ಠರಾವು ಮಾಡುತ್ತದೆ.
ಐದು ಕೈ ಎದ್ದವು,
ಕಾಫಿಯ ಹಬೆಯ ಹಾಗೆ, ಭಾರವಿಲ್ಲದೆ.

ನಾನು ಬರೆದೆ: "ಅಧ್ಯಕ್ಷರು ಹೊರಗೆ ಹೋಗಲಿಲ್ಲ."

ಕರಡು ಹಿಂದೆ ಬಂತು. ಆ ಸಾಲಿನ ಮೇಲೆ ಪೆನ್ಸಿಲ್ ಗೀಟು,
ಅಂಚಿನಲ್ಲಿ ನಯವಾದ ಅಕ್ಷರ:
"ನಡೆಯದ್ದನ್ನು ನಡಾವಳಿಯಲ್ಲಿ ಬರೆಯುವುದುಂಟೇ?"
ಪ್ರಶ್ನೆ ಸರಿಯಾದದ್ದೇ.
ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಕೆಳಗೆ ಬರೆದೆ:
ನಡೆಯಬೇಕಾದ್ದು ನಡೆಯದಿದ್ದರೆ
ಅದೂ ಒಂದು ನಡತೆ.

ಊರೇನು ದೇವಲೋಕವಲ್ಲ, ಬಲ್ಲೆ.
ಮೇ ತಿಂಗಳ ಭಾನುವಾರ ಬಯಲಿನಲ್ಲಿ ಗಂಡಸರೆಲ್ಲ ಕೈ ಎತ್ತುವಾಗ
ಅಮ್ಮ ಹಗ್ಗದಾಚೆ ನಿಲ್ಲುತ್ತಿದ್ದಳು,
ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಅಪ್ಪನ ಕೊಡೆ.
ಎತ್ತಲು ಮೂರನೆಯದಿರಲಿಲ್ಲ,
ಇದ್ದರೂ ಎಣಿಸುವವರಿರಲಿಲ್ಲ.
ಮನೆಗೆ ಬರುವ ದಾರಿಯಲ್ಲಿ ಅಪ್ಪನಿಗೆ ಹೇಳುತ್ತಿದ್ದಳು:
"ಸೇತುವೆಗೆ ಹೂಂ ಅಂದಿರಿ ಸರಿ,
ಎಷ್ಟು ಖರ್ಚು ಅಂತ ಒಬ್ಬರೂ ಕೇಳಲಿಲ್ಲ."
ಹಗ್ಗ ಬಿಚ್ಚುವಷ್ಟರಲ್ಲಿ ಅವಳ ಕೂದಲು ನರೆತಿತ್ತು.
ಇಂಥ ಊರಿನ ಪಾಠವನ್ನು ನಾನು ಮಹಡಿ ಹತ್ತಿಸುತ್ತಿರುವುದು,
ಸ್ವಲ್ಪ ನಾಚುತ್ತಲೇ.

ಮುಂದಿನ ವರ್ಷ ಮತ್ತೆ ಅದೇ ಏಳನೇ ವಿಷಯ.
ಬ್ಲೂಮರ್ ನನ್ನ ಪೆನ್ನಿನ ಕಡೆ ನೋಡಿದರು.
ಪೆನ್ನು ಕಾಗದ ಮುಟ್ಟಿ ನಿಂತಿತ್ತು.
ಎದ್ದರು.
ಜಮಖಾನದ ಮೇಲೂ ಕುರ್ಚಿ ಸದ್ದು ಮಾಡಬಲ್ಲದೆಂದು
ಆಗ ಗೊತ್ತಾಯಿತು.

ಒಳಗೆ ಐದು ಜನ ಮುಖ ಮುಖ ನೋಡಿಕೊಂಡರು,
ಕರೆಂಟು ಹೋದ ಮನೆಯವರ ಹಾಗೆ.
ಕೊನೆಗೆ ಎಲ್ಲರಿಗಿಂತ ಕಿರಿಯ ಶ್ಟ್ರೈಫ್ ಕೆಮ್ಮಿ,
"ಅಲ್ಲ, ಎರಕದ ಮನೆಯವರಿಗೆ ಈಗ ಎಷ್ಟು ಕೊಡುತ್ತೇವೆ?" ಅಂದ.
ಯಾರಿಗೂ ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಎಂಬುದನ್ನೂ ಬರೆದೆ.

ಗಾಜಿನಾಚೆ ಬ್ಲೂಮರ್,
ನೆಲ ಒರೆಸುವ ಮಿರ್ಸಾದಾಳ ಬಕೆಟ್ಟಿನ ಪಕ್ಕ,
ಒದ್ದೆ ತುಳಿಯದೆ, ಒಂದೇ ಕಡೆ,
ಎರಡು ಕೈಗಳನ್ನೂ ಏನು ಮಾಡುವುದೆಂದು ತಿಳಿಯದೆ
ನಿಂತಿದ್ದರು.
ಅಮ್ಮನ ಕೊಡೆ ನೆನಪಾಯಿತು.

"ಅಧ್ಯಕ್ಷರು ಹೊರಗೆ ಹೋದರು, 10.20."
ಮುಂದಿನ ಸಾಲಿಗೆ ಜಾಗ ಬಿಟ್ಟೆ.